30 ವರ್ಷದ ಹಳೇ ಸುಟ್ಟ ಕಲೆ ಈಗ ಹುಣ್ಣಾಗಿದೆ, ಏನು ಮಾಡೋದು?

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕು): ಮೇಡಂ ನಮಸ್ಕಾರ. ನಮ್ಮಪ್ಪನಿಗೆ 61 ವರ್ಷ. ಚಿಕ್ಕ ವಯಸ್ಸಿನಿಂದ ರೇಷ್ಮೆ ನೂಲು ಬಿಚ್ಚೋ ಕೆಲಸ. 30 ವರ್ಷದ ಹಿಂದೆ ಗೂಡು ಬೇಯಿಸುವ ನೀರು ಚೆಲ್ಲಿ ಎಡಗಾಲು ಮೊಣಕಾಲಿಂದ ಕೆಳಗೆ ಸುಟ್ಟಿತ್ತು. ಶಾಯಿ, ಸೊಪ್ಪಿನ ರಸ ಹಚ್ಚಿ ಮನೆಯಲ್ಲೇ ವಾಸಿ ಮಾಡಿದ್ದರಂತೆ. ಆರು ತಿಂಗಳಿಂದ ಆ ಕಲೆಯ ನಡುವೆ ಹುಣ್ಣಾಗಿದೆ. ಮುಲಾಮು ನಾಲ್ಕು ಟ್ಯೂಬ್ ಮುಗಿಯಿತು. ಶುಗರ್ ಟೆಸ್ಟ್ ಮಾಡಿಸಿದೆವು, ಇಲ್ಲ. ನೋವಿಲ್ಲ ಅಂತ ಅಪ್ಪ ಆಸ್ಪತ್ರೆಗೆ ಬರಲ್ಲ. ಫೋಟೋ ಹಾಕಿದ್ದೇನೆ. ಚರ್ಮದ ಕ್ಯಾನ್ಸರ್ ಬೆಳ್ಳಗಿರುವ ಜನಕ್ಕೆ ಮಾತ್ರ ಬರೋದು ಅಲ್ವಾ?

ಉತ್ತರ (ಚರ್ಮರೋಗ ವೈದ್ಯೆ): ಫೋಟೋ ನೋಡಿದೆ. ಮೊದಲು ಕೆಲಸದ ಮಾತು. ಈ ವಾರವೇ ಅಪ್ಪನನ್ನು ಕರೆದುಕೊಂಡು ಹೋಗಿ ಬಯಾಪ್ಸಿ, ಅಂದರೆ ಹುಣ್ಣಿನ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ ಮಾಡಿಸಿ. ಐದನೇ ಟ್ಯೂಬ್ ಬೇಡ.

ಯಾಕೆ ಅಂದರೆ, ಹುಣ್ಣಿನ ಸುತ್ತ ಚರ್ಮ ಬೆಳ್ಳಗೆ, ನುಣ್ಣಗೆ ಹೊಳೀತಾ ಇದೆ. ಅದು ಹಳೇ ಕಲೆ. ಆದರೆ ಹುಣ್ಣಿನ ಅಂಚು ನೋಡಿ. ಮಾಮೂಲಿ ಗಾಯದ ಅಂಚು ಒಳಕ್ಕೆ ಇಳಿದಿರುತ್ತೆ. ಇದು ದಪ್ಪಗೆ ಎದ್ದು, ಹೊರಕ್ಕೆ ಮಗುಚಿದೆ, ಒಂದು ಕಡೆ ಹೂಕೋಸಿನ ಹಾಗೆ ಉಬ್ಬಿದೆ. ಬಟ್ಟೆ ಬಿಚ್ಚಿದಾಗ ಕೆಟ್ಟ ವಾಸನೆ ಬರುತ್ತಾ, ಮುಟ್ಟಿದರೆ ರಕ್ತ ಬರುತ್ತಾ, ಕೇಳಿ ನೋಡಿ. ತೊಡೆಸಂದಿನಲ್ಲಿ ಗಂಟು ಕೈಗೆ ಸಿಗುತ್ತಾ ಅಂತಲೂ ನೋಡಿ. ಫೋಟೋ ನೋಡಿ ಕ್ಯಾನ್ಸರ್ ಅಂತ ನಾನು ಹೇಳ್ತಿಲ್ಲ, ಯಾರೂ ಹೇಳಬಾರದು. ಅದಕ್ಕೇ ಬಯಾಪ್ಸಿ.

ಸುಟ್ಟ ಕಲೆಯಲ್ಲಿ ಹುಟ್ಟುವ ಈ ಕ್ಯಾನ್ಸರಿಗೆ ಮಾರ್ಜೊಲಿನ್ ಹುಣ್ಣು ಅಂತ ಹೆಸರು. 1828ರಲ್ಲಿ ಇಂಥ ಹುಣ್ಣುಗಳ ಬಗ್ಗೆ ಬರೆದ ಫ್ರಾನ್ಸಿನ ವೈದ್ಯರ ಹೆಸರದು. ಸುಟ್ಟ ಕೂಡಲೇ ಬರೋದಲ್ಲ, ಸಾಮಾನ್ಯವಾಗಿ 20–30 ವರ್ಷ ಬೇಕು. ಚರ್ಮ ಕಸಿ ಮಾಡದೆ ತಾನಾಗಿ ಮುಚ್ಚಿಕೊಂಡ ಆಳದ ಗಾಯ, ನಡೆದಾಗೆಲ್ಲ ಬಿರಿದು ಮತ್ತೆ ಮತ್ತೆ ಹುಣ್ಣಾಗುವ ಕಲೆ, ಇವುಗಳಲ್ಲೇ ಜಾಸ್ತಿ. ನೋವಿಲ್ಲ ಅನ್ನೋದು ಧೈರ್ಯದ ವಿಷಯ ಅಲ್ಲ. ಕಲೆಯಲ್ಲಿ ನರ ಸತ್ತಿರುತ್ತೆ, ನೋವು ಗೊತ್ತಾಗಲ್ಲ.

ಬೆಳ್ಳಗಿರುವ ಜನ ಅಂದಿರಲ್ಲ, ಅದು ಅರ್ಧ ಸರಿ. ಆಸ್ಟ್ರೇಲಿಯಾದಲ್ಲಿ ಮೂವರಲ್ಲಿ ಇಬ್ಬರಿಗೆ 70 ವರ್ಷದೊಳಗೆ ಯಾವುದಾದರೂ ಚರ್ಮದ ಕ್ಯಾನ್ಸರ್ ಬರುತ್ತೆ. ನಮ್ಮಲ್ಲಿ ನೂರು ಕ್ಯಾನ್ಸರ್ ರೋಗಿಗಳಲ್ಲಿ ಒಬ್ಬಿಬ್ಬರದು ಚರ್ಮದ್ದು. ಮೈಯ ಕಪ್ಪು ಬಣ್ಣ ಬಿಸಿಲಿಗೆ ಕೊಡೆ ಹಿಡಿದ ಹಾಗೆ. ಆದರೆ ಸುಟ್ಟ ಕಲೆಗೂ ಅಂಗಾಲಿಗೂ ಆ ಕೊಡೆ ಇಲ್ಲ. ಕಡಿಮೆ ಜನಕ್ಕೆ ಬರುತ್ತೆ ಅಂತಲೇ ಯಾರಿಗೂ ಅನುಮಾನ ಬರಲ್ಲ, ಬರೋರೆಲ್ಲ ತಡವಾಗಿ ಬರ್ತಾರೆ. ಬೇಗ ಬಂದರೆ ಹುಣ್ಣನ್ನು ಸುತ್ತಲ ಚರ್ಮದ ಸಮೇತ ತೆಗೆದು ಕಸಿ ಮಾಡಿದರೆ ಮುಗೀತು. ಮೂಳೆಗೆ ಇಳಿದ ಮೇಲೆ ಕಾಲನ್ನೇ ತೆಗೆಯಬೇಕಾಗಬಹುದು. ಆಮೇಲೆ ರೇಡಿಯೇಷನ್ನಿಗೆ ವಾರಗಟ್ಟಲೆ ಬೆಂಗಳೂರಿಗೆ ಬಸ್ಸು, ಜೊತೆಗೆ ಹೋಗುವವರ ಕೂಲಿಯೂ ಹೋಯ್ತು. ಸರ್ಕಾರದ ಖರ್ಚೂ ಎಷ್ಟೋ ಪಟ್ಟು.

ಅದೇ ಸದಸ್ಯರು: ಚಾಕು ಹಾಕಿದರೆ ಹರಡುತ್ತೆ ಅಂತ ನಮ್ಮ ಚಿಕ್ಕಪ್ಪ ಹೇಳ್ತಾರೆ. ದುಡ್ಡಿನದ್ದೂ ಯೋಚನೆ.

ಉತ್ತರ: ಈ ಮಾತನ್ನು ವಾರಕ್ಕೊಂದು ಸಲ ಕೇಳ್ತೀನಿ. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೀತಾರೆ, ಅಷ್ಟೇ. ಅದರಿಂದ ಹರಡಲ್ಲ. ಹರಡೋದು ಸುಮ್ನೆ ಬಿಟ್ಟರೆ. ಚಿಕ್ಕಪ್ಪನಿಗೆ ಬೇಕಾದರೆ ನಾನೇ ಫೋನಿನಲ್ಲಿ ಹೇಳ್ತೀನಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿಂದ ರೆಫರ್ ಬರೆಸಿಕೊಂಡೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆ ಕಡೆಗೋ ಹೋಗಿ. ನೇರ ಹೋಗಿ ಕಾಗದಕ್ಕೆ ಅಲೆದಾಡೋರನ್ನು ತುಂಬಾ ನೋಡಿದ್ದೇನೆ.

ಪ್ರಶ್ನೆ (ಚಿಂತಾಮಣಿ): ಡಾಕ್ಟ್ರೇ, ದಿನಾ ಟೊಮೇಟೊ ತೋಟದಲ್ಲಿ ಬಿಸಿಲಲ್ಲೇ ಇರ್ತೀವಿ. ಸನ್‌ಸ್ಕ್ರೀನ್ ಹಚ್ಚಬೇಕಾ?

ಉತ್ತರ: ನಿಮ್ಮ ಮೈಬಣ್ಣಕ್ಕೆ ಕ್ಯಾನ್ಸರ್ ಭಯದಿಂದ ಹಚ್ಚೋ ಅಗತ್ಯ ಕಾಣಲ್ಲ. ಬಂಗು ಜಾಸ್ತಿ ಆಗ್ತಿದ್ದರೆ ಹಚ್ಚಿ, ಅದು ಬೇರೆ ವಿಷಯ. ಹಾಗಂತ ನಮ್ಮ ಬಿಸಿಲು ಸಾಧುವೇನಲ್ಲ. ನಾವಿರೋದು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ. ಮಾರ್ಚ್–ಏಪ್ರಿಲ್ ಮಧ್ಯಾಹ್ನ ಯುವಿ ಸೂಚ್ಯಂಕ, ಅಂದರೆ ಬಿಸಿಲಿನಲ್ಲಿ ಚರ್ಮ ಸುಡುವ ಕಿರಣದ ಅಳತೆ, 11 ದಾಟುತ್ತೆ, ಅದು ವಿಪರೀತ ಅಂತಲೇ ಲೆಕ್ಕ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆದಾಗ ಬಿಸಿಲು ಜೋರು ಅಂತ ಲೆಕ್ಕ. ತುಂಬು ತೋಳಿನ ಅಂಗಿ, ತಲೆಗೆ ಟವೆಲ್ ಸಾಕು. ನಿಮ್ಮಜ್ಜಿ ಸೆರಗು ಹೊದ್ದು ಕಳೆ ಕೀಳ್ತಿದ್ದರಲ್ಲ, ಅದು ಯಾವ ಕ್ರೀಮಿಗೂ ಕಡಿಮೆ ಇರಲಿಲ್ಲ.

ಬಿಸಿಲಿನ ಕ್ಯಾನ್ಸರಿಗೆ ನಿಜವಾಗಿ ಹೆದರಬೇಕಾದವರು ಬೇರೆ. ಹುಟ್ಟಿನಿಂದ ಮೈ, ಕೂದಲು ಪೂರ್ತಿ ಬಿಳಿ ಇರುವ ಆಲ್ಬಿನಿಸಂ ಮಕ್ಕಳು, ಕಿಡ್ನಿ ಕಸಿಯಾಗಿ ಮಾತ್ರೆ ತಗೊಳ್ಳುವವರು. ಇವರಿಗೆ ಟೋಪಿ, ತುಂಬು ತೋಳು, ಸನ್‌ಸ್ಕ್ರೀನ್ ಎಲ್ಲವೂ ಬೇಕು. ತೊನ್ನು ಇರುವವರಿಗೆ ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತೆ, ಮುಚ್ಚಿಕೊಳ್ಳಿ. ತೊನ್ನು ಕ್ಯಾನ್ಸರ್ ಆಗಿ ತಿರುಗಲ್ಲ.

ನೀವೆಲ್ಲ ನೋಡಿಕೊಳ್ಳಬೇಕಾದ್ದು ಅಂಗಾಲು. ಬರಿಗಾಲಲ್ಲಿ ಓಡಾಡೋರು ಕಪ್ಪು ಮಚ್ಚೆ ಕಂಡರೆ ಆಣಿ ಅಂತಲೋ, ಮುಳ್ಳು ಮುರಿದಿದೆ ಅಂತಲೋ ಬ್ಲೇಡಿನಲ್ಲಿ ಕೆರೀತಾರೆ. ಮಚ್ಚೆ ದೊಡ್ಡದಾಗ್ತಿದ್ದರೆ, ಅಂಚು ಸೊಟ್ಟಸೊಟ್ಟ ಇದ್ದರೆ ಕೆರೀಬೇಡಿ, ತೋರಿಸಿ. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಬಂದು ಅಗಲ ಆಗ್ತಿದ್ದರೂ ಅಷ್ಟೇ. ಹಾಡುಗಾರ ಬಾಬ್ ಮಾರ್ಲಿ ಕೇಳಿದ್ದೀರಾ? ಕಾಲ್ಬೆರಳ ಉಗುರಿನ ಕೆಳಗೆ ಶುರುವಾದ ಇಂಥದ್ದೇ ಕ್ಯಾನ್ಸರಿಗೆ 1981ರಲ್ಲಿ ತೀರಿಕೊಂಡ. ವಯಸ್ಸು 36.

ಪ್ರಶ್ನೆ (ಗೌರಿಬಿದನೂರು): ಸುಟ್ಟ ಕೂಡಲೇ ಏನು ಮಾಡಬೇಕು ಮೇಡಂ? ನಮ್ಮಲ್ಲಿ ಈಗಲೂ ಪೇಸ್ಟ್ ಹಚ್ಚುತ್ತಾರೆ.

ಉತ್ತರ: ಹರಿಯೋ ತಣ್ಣೀರು, 20 ನಿಮಿಷ. ಕೊಳಾಯಿ ಇಲ್ಲದಿದ್ದರೆ ಚೊಂಬಿನಲ್ಲಿ ಸುರೀತಾ ಇರಿ. ಪೇಸ್ಟ್, ಶಾಯಿ, ಐಸ್ ಏನೂ ಬೇಡ. ಅಂಗೈಗಿಂತ ದೊಡ್ಡ ಗಾಯ ಆಗಿದ್ದರೆ, ಕೀಲಿನ ಮೇಲಾಗಿದ್ದರೆ ಆಸ್ಪತ್ರೆಗೇ ಹೋಗಿ. ಮೂರು ವಾರದಲ್ಲಿ ಮುಚ್ಚದ ಗಾಯಕ್ಕೆ ಚರ್ಮ ಕಸಿ ಬೇಕಾ ಅಂತ ಕೇಳಿ.

ಶಿಡ್ಲಘಟ್ಟದ ಸದಸ್ಯರು (ಎಂಟು ದಿನದ ನಂತರ): ಮೇಡಂ, ನಿನ್ನೆ ಚೂರು ತೆಗೆದರು. ರಿಪೋರ್ಟ್ ಮುಂದಿನ ವಾರ. ಅಪ್ಪ ಅಲ್ಲಿಂದ ಸೀದಾ ಗೂಡಿನ ಮಾರ್ಕೆಟ್ಟಿಗೆ ಹೋಗ್ತೀನಿ ಅಂತ ಹಠ.

ಉತ್ತರ: ಹೋಗಲಿ ಬಿಡಿ, ಕಾಲಿಗೆ ಒಣ ಬ್ಯಾಂಡೇಜ್ ಇರಲಿ. ರಿಪೋರ್ಟ್ ಕೈಗೆ ಬಂದ ದಿನವೇ ಫೋಟೋ ಕಳಿಸಿ.