ಶಿಶುನಾಳ ಶರೀಫರು ಮಾಸ್ತರಿಕೆ ಬಿಟ್ಟದ್ದು ಸರೀನಾ?

ವಿದ್ಯಾನಗರದಾಕಿ (ಹುಬ್ಬಳ್ಳಿ):
ನಮ್ಮಣ್ಣ ಹಾವೇರಿ ಜಿಲ್ಲೆಯ ಒಂದು ಶಾಲೆಯಲ್ಲಿ ಮಾಸ್ತರ. ಈಗ ಕೆಲಸ ಬಿಟ್ಟು ಭಜನಾ ಮೇಳದ ಜೊತೆ ಊರೂರು ತಿರುಗುತ್ತೇನೆ ಅಂತ ಹಠ ಹಿಡಿದಿದ್ದಾನೆ. ಪಗಾರ, ಮದುವೆ, ಬಡ್ತಿ ಎಲ್ಲಾ ನಾಟಕವಂತೆ. ಅವ್ವ ಅತ್ತರೆ ಒಂದೇ ಉತ್ತರ: "ಶರೀಫಜ್ಜ ಮಾಸ್ತರಿಕೆ ಬಿಡಲಿಲ್ವಾ?"

ಬಿಟ್ಟಿದ್ದರು, ನಿಜ. ಮುಲ್ಕಿ ಪರೀಕ್ಷೆ ಪಾಸಾಗಿದ್ದವರು. ಆ ಕಾಲಕ್ಕೆ ಅದು ಸಣ್ಣ ಓದಲ್ಲ. ಸ್ವಲ್ಪ ಕಾಲ ಶಾಲೆಯಲ್ಲಿ ಕಲಿಸಿ, ಆಮೇಲೆ ತಮ್ಮ ಗುರು, ಕಳಸ ಊರಿನ ಗೋವಿಂದ ಭಟ್ಟರ ಹಿಂದೆ ಹೊರಟರು. ಅಣ್ಣನ ವಿಷಯ ಬಿಡಿ, ಅವನನ್ನು ಅವ್ವ ನೋಡಿಕೊಳ್ಳುತ್ತಾಳೆ. ಶರೀಫರು ಹಾಗೆ ಎಲ್ಲರನ್ನೂ ಧಿಕ್ಕರಿಸಿದ್ದು ಸರೀನಾ? ಭಕ್ತಿಯಿಂದ ಹೇಳಬೇಡಿ, ಯೋಚಿಸಿ ಹೇಳಿ.

ಲೈನ್‌ ಬಜಾರ್‌ (ಧಾರವಾಡ):
ತಂಗಿ, ಸಂತರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ಅವರನ್ನು ತೂಗೋಕೆ ನಾವ್ಯಾರು?

ವಿದ್ಯಾನಗರದಾಕಿ:
ಮನೆಯಲ್ಲೂ ಇದೇ ಉತ್ತರ ಸಿಕ್ಕಿತು ಸರ್. ಶರೀಫರು ಮಾತ್ರ ಯಾರನ್ನೂ ಪ್ರಶ್ನೆ ಕೇಳದೆ ಬಿಟ್ಟವರಲ್ಲ.

ಶಿಗ್ಗಾವಿ ಸೀಮೆಯವ:
ಅವರು ಸಮಾಜ ಬಿಟ್ಟರು ಅನ್ನೋದನ್ನೇ ನಾನು ಒಪ್ಪೋದಿಲ್ಲ. ನೌಕರಿ ಬಿಟ್ಟರು, ಅಷ್ಟೇ. ಇಮಾಮ್‌ ಸಾಹೇಬರ ಮಗನಾಗಿ 1819ರಲ್ಲಿ ಹುಟ್ಟಿದವರು, ಬ್ರಾಹ್ಮಣನನ್ನು ಗುರು ಮಾಡಿಕೊಂಡರು. ಗುರು ಇವರಿಗೆ ಜನಿವಾರ ಹಾಕಿದರು ಅಂತ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. ಎರಡೂ ಕಡೆಯವರು ಬೈದರು ಅಂತಲೂ ಹೇಳುತ್ತಾರೆ. ಬೈಯದೆ ಇರ್ತಾರಾ? ಹಾಗಂತ ಅವರೇನು ಗವಿ ಹುಡುಕಿಕೊಂಡು ಹೋಗಲಿಲ್ಲ. 1889ರಲ್ಲಿ ತೀರಿಕೊಂಡ ಮೇಲೆ ಗದ್ದುಗೆ ಆದದ್ದೂ ಹುಟ್ಟಿದ ಊರಲ್ಲೇ. ಎರಡೂ ಮತದವರು ಅಲ್ಲಿಗೆ ನಡೆದುಕೊಳ್ಳುತ್ತಾರೆ.

ಪದಗಳನ್ನೇ ನೋಡಿ. ಬಿದ್ದೀಯೆ ಅಂತ ಮುದುಕಿಗೆ ಎಚ್ಚರ ಹೇಳುವ ಪದ ನಡೆಯೋದು ಹುಲಗೂರ ಸಂತೆಯ ಗದ್ದಲದಲ್ಲಿ. ಹುಲಗೂರು ನಮ್ಮ ತಾಲ್ಲೂಕೇ. ಗಿರಣಿ ಕಂಡರೆ ಅದರ ಮೇಲೊಂದು ಪದ ಕಟ್ಟಿದರು. ಮಾಳಿಗೆ ಸೋರಿದರೆ ಅದೂ ಪದವಾಯಿತು. ಮೇಲ್ಮುದ್ದೆ ಮನೆಯಲ್ಲಿ, ಅಂದರೆ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಮಳೆಗಾಲ ಕಳೆದವರಿಗೆ ಆ ಪದದ ವೇದಾಂತ ಆಮೇಲೆ ತಿಳಿಯುತ್ತದೆ, ತಲೆ ಮೇಲೆ ಹನಿ ಬೀಳೋದು ಮೊದಲು ತಿಳಿಯುತ್ತದೆ. ಪದದ ಕೊನೆಗೆ ಹಾಕುವ ಅಂಕಿತ ಬೇರೆ ಶಿಶುನಾಳಧೀಶ, ತಮ್ಮ ಊರಿನ ದೇವರು! ಸಂತೆ, ಗಿರಣಿ, ಸೋರುವ ಮನೆ ಇಷ್ಟು ಚೆನ್ನಾಗಿ ಕಂಡವನು ಜನರ ನಡುವೆಯೇ ಇದ್ದವನು. ನಿಮ್ಮಣ್ಣ ಬೇರೆ ಸಾಕ್ಷಿ ಹುಡುಕಲಿ.

ಗದಗ ಬೆಟಗೇರಿ:
ಮಾಸ್ತರರೇ (ನೀವು ಮಾಸ್ತರರೇ ಇರಬೇಕು), ಅವರನ್ನು ಇಷ್ಟು ಮೆತ್ತಗೆ ಮಾಡಬೇಡಿ. ಪಗಾರ ಬಿಟ್ಟವನಿಗೆ ನಮ್ಮ ಊರುಗಳಲ್ಲಿ ಕೈಗಡ ಕೂಡ ಹುಟ್ಟೋದಿಲ್ಲ. ಅದೂ ಸಮಾಜ ಬಿಟ್ಟ ಹಾಗೇ ಅಲ್ವಾ? ಜಾತಿ ಮೀರಿದವನಿಗಂತೂ ಕೇಳೋದೇ ಬೇಡ. ಅವರ ಪದಗಳಲ್ಲಿ ಸಿಟ್ಟಿದೆ, ಚೇಷ್ಟೆ ಇದೆ. ನಾವು ಅದನ್ನು ಬಿಟ್ಟು ಗಣೇಶ ಹಬ್ಬದ ವೇದಿಕೆಯಲ್ಲಿ ಹಾಡಿಸಿ, ಭಾವೈಕ್ಯ ಅಂತ ಭಾಷಣ ಮಾಡಿ, ಮನೆಗೆ ಹೋಗುತ್ತೇವೆ. ಮರುದಿನ ಸಾಬರ ಹುಡುಗ ಬಾಡಿಗೆ ಮನೆ ಕೇಳಿಕೊಂಡು ಬಂದರೆ "ಈಗಷ್ಟೇ ಕೊಟ್ಟುಬಿಟ್ವಿ" ಅನ್ನುತ್ತೇವೆ. ಧಿಕ್ಕರಿಸಿದ್ದು ಸರಿ. ಈಗ ಇದ್ದಿದ್ದರೆ ಇನ್ನೂ ಜಾಸ್ತಿ ಧಿಕ್ಕರಿಸಬೇಕಿತ್ತು.

ಲೈನ್‌ ಬಜಾರ್‌:
ಎಲ್ಲರೂ ಹಾಗಿರೋದಿಲ್ಲ.

ಗದಗ ಬೆಟಗೇರಿ:
ನಿಮ್ಮ ಓಣಿಯಲ್ಲಿ ಎಷ್ಟು ಜನ ಸಾಬರು ಬಾಡಿಗೆಗೆ ಇದ್ದಾರೆ ಹೇಳಿ ನೋಡೋಣ.

ವಿದ್ಯಾನಗರದಾಕಿ:
ನಮ್ಮ ಓಣಿಯಲ್ಲಿ ಒಬ್ಬರೂ ಇಲ್ಲ. ಯಾಕೆ ಅಂತ ನಾನು ಇವತ್ತಿನವರೆಗೂ ಯಾರನ್ನೂ ಕೇಳಿರಲಿಲ್ಲ. ಮಾಲಕರನ್ನು ಕೇಳಬೇಕು.

ಶರೀಫರ ಮಟ್ಟಿಗೆ ನಾನು ಗದಗದವರ ಕಡೆ. ಸಂತೆಯ ಮಾತೂ ಹಿಡಿಸಿತು, ಅದನ್ನು ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. ಜಾತಿ ಮೀರಿ ಯಾರ ಮನೆಯಲ್ಲಾದರೂ ಉಂಡಿದ್ದೀಯಾ ಅಂತಲೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, ಬೈಕಿನ ಸಾಲದ ಕಂತು ಮುಂದಿನ ತಿಂಗಳಿಂದ ನೀನು ಕಟ್ತೀಯಾ ಅಂತ ಕೇಳಿದ. ಮೇಳದವರ ಜೊತೆ ತಿರುಗೋಕೆ ಬೈಕ್‌ ಬೇಕಂತೆ.