ಸಹಾಯ ಬೇಕು: ನನ್ನ ಕಥೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?

ಎಲ್ಲರಿಗೂ ನಮಸ್ಕಾರ. ಐದು ತಿಂಗಳಿಂದ ಪಿಯರ್ ಮೆಂಟರ್ ಆಗಿ (ಅಂದ್ರೆ ಅದೇ ಕಷ್ಟ ದಾಟಿ ಬಂದವರು ಈಗ ಅದರಲ್ಲಿರೋರಿಗೆ ಜೊತೆಯಾಗೋದು) ಕೆಲಸ ಮಾಡ್ತಿದೀನಿ. ಬರೋರೆಲ್ಲ 18ರಿಂದ 25ರ ಒಳಗಿನವರು, ಖಿನ್ನತೆ, ಆತಂಕದಿಂದ ಚೇತರಿಸಿಕೊಳ್ತಿರೋರು. ನಾನೂ ಅದೇ ದಾರಿ ನಡೆದು ಬಂದವಳು. ಈ ಕೆಲಸಕ್ಕೆ ಅದೇ ಅರ್ಹತೆ, ಈಗ ಅದೇ ತಲೆನೋವು.

ಮೊನ್ನೆ ಒಬ್ಬಳು ಹುಡುಗಿ ಅರ್ಧ ಗಂಟೆ ಮಾತೇ ಆಡದೆ, ಸ್ವೆಟರ್ ತೋಳಿನ ದಾರ ಎಳೀತಾ ಕೂತಿದ್ಲು. ಹೊರಡೋ ಹೊತ್ತಿಗೆ, "ಅಕ್ಕಾ, ನೀವು ಮಾತ್ರೆ ಯಾವಾಗ ಬಿಟ್ರಿ?" ಅಂದ್ಲು. "ಎರಡು ವರ್ಷ ಆದ್ಮೇಲೆ" ಅಂತ ಸಲೀಸಾಗಿ ಹೇಳ್ಬಿಟ್ಟೆ. ಡಾಕ್ಟರ್ ಹೇಳಿದ ಹಾಗೆ ತಿಂಗಳುಗಟ್ಟಲೆ ಡೋಸ್ ಇಳಿಸ್ತಾ ಬಂದಿದ್ದು ಮಾತ್ರ ಬಾಯಿಗೆ ಬರಲೇ ಇಲ್ಲ. ನಾಲ್ಕು ದಿನಕ್ಕೆ ಮೆಸೇಜ್ ಬಂತು: ಅವಳೂ ನಿಲ್ಲಿಸಿದಾಳೆ, ತಲೆ ಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗಂತೆ. ಖಿನ್ನತೆಯ ಮಾತ್ರೆ ದಿಢೀರ್ ಬಿಟ್ರೆ ಹೀಗಾಗಬಹುದು ಅಂತ ನನಗೆ ಗೊತ್ತಿತ್ತಲ್ಲ! ಆವತ್ತೇ ಅವಳ ಕೈಯಲ್ಲೇ ಡಾಕ್ಟರಿಗೆ ಫೋನ್ ಮಾಡಿಸಿದೆ, ಈಗ ಪರವಾಗಿಲ್ಲ. ಅವಳಿಗೆ ತಿಳಿಸಿಯೇ ಸೂಪರ್‌ವೈಸರ್‌ಗೂ ಹೇಳಿದೆ. ಆದ್ರೂ ಮುನಿಸಿಕೊಂಡಿದಾಳೆ.

ಇನ್ಮೇಲೆ ಸ್ವಂತ ಕಥೆಯೇ ಬೇಡ ಅಂತಾರೆ ಸೂಪರ್‌ವೈಸರ್. ನನಗದು ಒಪ್ಪಿಗೆಯಿಲ್ಲ. ಕಥೆ ಬಿಟ್ರೆ ನಾನು ಅರೆಬರೆ ಕೌನ್ಸೆಲರ್ ಆಗ್ತೀನಿ ಅಷ್ಟೇ.

ಈ ಕೆಲಸದಲ್ಲಿ ಪಳಗಿದವರು ಹೇಳಿ: ಮಾತ್ರೆಯ ಮಾತು ಬಂದಾಗ ನೀವು ನಿಜವಾಗಿ ಯಾವ ಪದ ಬಳಸ್ತೀರಿ? ಮುನಿದವಳ ಹತ್ರ ಮತ್ತೆ ಮಾತು ಹೇಗೆ ಶುರು ಮಾಡಲಿ? ಹಾಂ, ರಾತ್ರಿ ಹನ್ನೆರಡರ ಮೆಸೇಜಿಗೆ ಉತ್ತರ ಕೊಡ್ತೀರಾ? ನಾನಂತೂ ಕೊಡ್ತಿದೀನಿ, ನಿದ್ದೆ ಕೆಡ್ತಿದೆ. ನನ್ನ ಕಾಯಿಲೆಯ ಮೊದಲ ಸೂಚನೆಯೇ ಅದು.