ಜಲ್ಲಿ ಏರಿನಲ್ಲಿ ಹಿಂದಿನ ಚಕ್ರ ಜಾರುತ್ತಿದೆ: ಟಯರ್ ಬದಲಿಸಬೇಕೇ, ಗೇರ್ ಬದಲಿಸಬೇಕೇ?

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ)

ಎಲ್ಲರಿಗೂ ನಮಸ್ಕಾರ. ಮಳೆ ನಿಂತು ನೆಲ ಗಟ್ಟಿಯಾದ ಮೇಲೆ ಚಿಕ್ಕಬಳ್ಳಾಪುರದಿಂದ ಹೊರಟು, ನಂದಿ ಗ್ರಾಮ, ಮುದ್ದೇನಹಳ್ಳಿ, ಕಳವಾರದ ಕಡೆಯ ಮಣ್ಣುರಸ್ತೆಗಳನ್ನು ಹಿಡಿದು, ಮಂಡಿಕಲ್ ಮೇಲೆ ಹಾದು ಆವಲಬೆಟ್ಟ ಹತ್ತಿ, ಗುಡಿಬಂಡೆ ಕೋಟೆಯ ಬುಡಕ್ಕೆ ಹೋಗಿ, ಪೆರೇಸಂದ್ರದ ಮೂಲಕ ಊರಿಗೆ ಮರಳುವ ಒಂದು ದಿನದ ಸವಾರಿಯನ್ನು ಯೋಚಿಸಿದ್ದೇನೆ. ಹೆದ್ದಾರಿಯನ್ನು ಆದಷ್ಟೂ ಬಿಟ್ಟು ಬಂಡಿ ಜಾಡು ಮತ್ತು ಕೆರೆ ಏರಿಗಳ ಮೇಲೆಯೇ ಹೋಗುವುದರಿಂದ ದಾರಿ ಸುಮಾರು 100 ಕಿ.ಮೀ. ಆಗುತ್ತದೆ.

ಕಳೆದ ಎರಡು ಭಾನುವಾರ ಇದರ ಮೊದಲ ಭಾಗವನ್ನು ಪರೀಕ್ಷಿಸಿದೆ. ಶೇಕಡಾ 10ರಷ್ಟು ಏರಿರುವ ಕಡೆ, ಗರಸು ಮಣ್ಣಿನ ಮೇಲೆ ಬೆಣಚುಕಲ್ಲಿನ ಪುಡಿ ಹರಡಿರುವ ಜಾಗಗಳಲ್ಲಿ, ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಜಾರುತ್ತದೆ ಮತ್ತು ನಾನು ಇಳಿದು ಸೈಕಲ್ ತಳ್ಳಬೇಕಾಗುತ್ತದೆ. ಎರಡನೆಯ ಭಾನುವಾರ ಮನೆಗೆ ಬಂದಾಗ ಮಂಡಿಚಿಪ್ಪಿನ ಕೆಳಗೆ ನೋವೂ ಇತ್ತು. ನಂದಿಬೆಟ್ಟದ ಡಾಂಬರು ರಸ್ತೆಯನ್ನು ಇದೇ ಸೈಕಲ್‌ನಲ್ಲಿ ನಿಲ್ಲದೆ ಹತ್ತಿದ್ದೇನೆ; ಆದ್ದರಿಂದ ಗೇರಿನದು ತೊಂದರೆಯಲ್ಲ, ಟಯರಿನದೇ ತೊಂದರೆ ಎಂದು ನನ್ನ ಊಹೆ.

ಮುಂದೆ 50 ಮತ್ತು 34 ಹಲ್ಲಿನ ಎರಡು ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ), ಹಿಂದೆ 11-28ರ ಒಂಬತ್ತು ಸ್ಪೀಡಿನ ಶಿಮಾನೊ ಕ್ಯಾಸೆಟ್ (11ರಿಂದ 28 ಹಲ್ಲಿನವರೆಗಿನ ಒಂಬತ್ತು ಹಲ್ಲುಚಕ್ರಗಳ ಗೊಂಚಲು) ಇದೆ. ಟಯರ್ 700×35, ಒಳಗೆ ಟ್ಯೂಬ್, ಗಾಳಿ 70 ಪಿಎಸ್ಐ. ಡಿಸ್ಕ್ ಬ್ರೇಕ್ ಇದೆ. ಫ್ರೇಮಿನಲ್ಲಿ 42 ಮಿ.ಮೀ. ಟಯರ್ ವರೆಗೂ ಹಿಡಿಸುತ್ತದೆ ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ನನ್ನ ತೂಕ 76 ಕೆ.ಜಿ. ದೊಡ್ಡ ಗುಬ್ಬಿಗಳಿರುವ (ಮೈಮೇಲೆ ಉಬ್ಬುಗಳಿರುವ) ಟಯರ್ ಹಾಕಿಸಿದರೆ ಸಾಕೇ?

ಉತ್ತರ (ಗೌರಿಬಿದನೂರಿನಿಂದ)

ನಮಸ್ಕಾರ ಸರ್. ಟಯರ್ ಕೊಳ್ಳುವ ಮೊದಲು ಎರಡು ವಿಷಯ ತಿಳಿಸಿ. ಚಕ್ರ ಜಾರುವ ಹೊತ್ತಿನಲ್ಲಿ ನೀವು ಸೀಟಿನ ಮೇಲೆ ಕೂತಿರುತ್ತೀರೋ, ಎದ್ದು ನಿಂತು ತುಳಿಯುತ್ತಿರುತ್ತೀರೋ? ಆಗ ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿರುತ್ತದೆ? ಮೀಟರ್ ಇಲ್ಲದಿದ್ದರೆ ಬಲಗಾಲು ಕೆಳಗೆ ಬರುವುದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು.

ಪ್ರಶ್ನೆ ಕೇಳಿದವರು

ಇಂದು ಬೆಳಿಗ್ಗೆ ಅದೇ ಏರಿಗೆ ಹೋಗಿ ಎಣಿಸಿದೆ. ಮೊದಲು ಕೂತೇ ತುಳಿಯುತ್ತೇನೆ. 40ರ ಆಸುಪಾಸಿಗೆ ಇಳಿದಾಗ ಕಾಲು ಸಾಲದೆ ಎದ್ದು ನಿಲ್ಲುತ್ತೇನೆ. ಜಾರುವುದು ನಿಂತ ಮೇಲೆಯೇ. ನೀವು ಕೇಳುವವರೆಗೂ ಇದನ್ನು ನಾನು ಗಮನಿಸಿರಲಿಲ್ಲ.

ಉತ್ತರ (ಗೌರಿಬಿದನೂರಿನಿಂದ)

ಹಾಗಿದ್ದರೆ ಮೂಲ ಗೇರಿನಲ್ಲಿದೆ. ಟಯರ್ ಮತ್ತು ಗಾಳಿಯನ್ನೂ ಸರಿಪಡಿಸಬೇಕು, ಆದರೆ ಅದು ಎರಡನೆಯ ಕೆಲಸ.

ನಿಂತಾಗ ದೇಹದ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರದ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ, ನಿಧಾನವಾಗಿ ತಿರುಗುವ ಪೆಡಲನ್ನು ಮೈಭಾರವೆಲ್ಲ ಹಾಕಿ ತುಳಿಯುವುದರಿಂದ ಪ್ರತಿ ತುಳಿತಕ್ಕೂ ಚಕ್ರಕ್ಕೆ ಒಂದೊಂದು ಜೋರಾದ ಎಳೆತ ಬೀಳುತ್ತದೆ. ಡಾಂಬರು ಆ ಎಳೆತವನ್ನು ತಡೆದುಕೊಳ್ಳುತ್ತದೆ, ಆದ್ದರಿಂದಲೇ ನಂದಿಬೆಟ್ಟದಲ್ಲಿ ನಿಮಗೆ ತೊಂದರೆ ಕಾಣಲಿಲ್ಲ. ಗಟ್ಟಿ ನೆಲದ ಮೇಲೆ ಬಿಡಿಬಿಡಿಯಾಗಿ ಕೂತ ಬೆಣಚುಕಲ್ಲಿನ ಕಾಳುಗಳು ಮಾತ್ರ ಉರುಳಿಹೋಗುತ್ತವೆ, ಮತ್ತು ಅಂಥ ನೆಲದಲ್ಲಿ ದೊಡ್ಡ ಗುಬ್ಬಿಗಳಿಗೂ ಕಚ್ಚಿಕೊಳ್ಳಲು ಏನೂ ಸಿಗುವುದಿಲ್ಲ. ಮಂಡಿನೋವಿಗೂ ಬಹುಶಃ ಇದೇ ಭಾರಿ ತುಳಿತ ಕಾರಣ.

ಲೆಕ್ಕ ಹಾಕಿ ನೋಡೋಣ. ನೀವು, ಸೈಕಲ್, ನೀರು, ಸಾಮಾನು ಸೇರಿ 92 ಕೆ.ಜಿ. ಎಂದುಕೊಂಡರೆ, ಶೇಕಡಾ 10ರ ಜಲ್ಲಿ ಏರಿನಲ್ಲಿ ನಿಮ್ಮನ್ನು ಹಿಂದಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ 100 ನ್ಯೂಟನ್. 35 ಮಿ.ಮೀ. ಟಯರ್ ಹಾಕಿದ ಚಕ್ರದ ಸುತ್ತಳತೆ 2.17 ಮೀಟರ್. 34/28ರ ಗೇರಿನಲ್ಲಿ (ಮುಂದೆ 34, ಹಿಂದೆ 28 ಹಲ್ಲು) ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 2.64 ಮೀಟರ್ ಮುಂದೆ ಹೋಗಬೇಕು. ನಿಮಿಷಕ್ಕೆ 60 ಸುತ್ತು ತುಳಿಯಬೇಕೆಂದರೆ ಸುಮಾರು 265 ವ್ಯಾಟ್ ಶಕ್ತಿ ಬೇಕು. ನಮ್ಮಂಥ ವಾರಾಂತ್ಯದ ಸವಾರರು ಇಡೀ ದಿನದ ದಾರಿಯಲ್ಲಿ ಏರು ಬಂದಾಗಲೆಲ್ಲ ಅಷ್ಟು ಕೊಡಲಾರರು. 180 ವ್ಯಾಟ್ ಕೊಟ್ಟರೆ ಅದೇ ಹೆಚ್ಚು. 180 ವ್ಯಾಟಿಗೆ ಈ ಗೇರಿನಲ್ಲಿ ಬರುವುದು ನಿಮಿಷಕ್ಕೆ 41 ಸುತ್ತು. ನೀವು ಎಣಿಸಿದ್ದೂ ಅಷ್ಟೇ.

ಆದ್ದರಿಂದ ಒಟ್ಟು ಎಷ್ಟು ಗೇರುಗಳಿವೆ, ಅತಿ ದೊಡ್ಡ ಗೇರು ಯಾವುದು ಎಂಬುದನ್ನು ಸದ್ಯಕ್ಕೆ ಮರೆತು, ಅತಿ ಸಣ್ಣ ಗೇರನ್ನು ಮೊದಲು ನಿರ್ಧರಿಸಿ. ನಿಮ್ಮದು ಒಂಬತ್ತು ಸ್ಪೀಡು ಆಗಿರುವುದು ಅನುಕೂಲ: ಶಿಮಾನೊದ ಒಂಬತ್ತು ಸ್ಪೀಡಿನ ರೋಡ್ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಸನ್ನೆ) ಮತ್ತು ಒಂಬತ್ತು ಸ್ಪೀಡಿನ ಮೌಂಟನ್ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಎರಡಕ್ಕೂ ಕೇಬಲ್ ಎಳೆಯುವ ಪ್ರಮಾಣ ಒಂದೇ. ಉದ್ದ ಕೇಜಿನ (ಸಡಿಲ ಚೈನನ್ನು ಎಳೆದಿಡುವ ತೋಳಿನ) ಮೌಂಟನ್ ಡಿರೇಲರ್ ಮತ್ತು 11-36 ಕ್ಯಾಸೆಟ್ ಹಾಕಿಸಿದರೆ, ಅದೇ 180 ವ್ಯಾಟಿಗೆ ನಿಮಿಷಕ್ಕೆ 52 ಸುತ್ತು ಸಿಗುತ್ತದೆ. ಡಿರೇಲರ್ ಎಷ್ಟು ಚೈನ್ ನುಂಗಿಕೊಳ್ಳಬೇಕು ಎಂಬುದನ್ನೂ ನೋಡಿಕೊಳ್ಳಿ. ಮುಂದಿನ ಎರಡು ರಿಂಗುಗಳ ವ್ಯತ್ಯಾಸ 16, ಹಿಂದಿನ ದೊಡ್ಡ ಮತ್ತು ಸಣ್ಣ ಹಲ್ಲಿನ ವ್ಯತ್ಯಾಸ 25, ಒಟ್ಟು 41. ಡಿರೇಲರಿನ ಸಾಮರ್ಥ್ಯ ಇದಕ್ಕಿಂತ ಕಡಿಮೆ ಇರಬಾರದು. ಹತ್ತು ಸ್ಪೀಡಿನ ಸೈಕಲ್ ಇರುವವರು ಇದನ್ನು ಹಾಗೆಯೇ ಅನುಸರಿಸಬೇಡಿ, ಅಲ್ಲಿ ರೋಡ್ ಮತ್ತು ಮೌಂಟನ್ ಭಾಗಗಳ ಎಳೆತ ಬೇರೆಬೇರೆ.

ಮುಂದೆ ಒಂದೇ ರಿಂಗ್ ಹಾಕಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ಅದು ಸರಳ, ಚೈನ್ ಬೀಳುವುದು ಕಡಿಮೆ, ನಿಜ. ಆದರೆ 40 ಹಲ್ಲಿನ ಒಂದೇ ರಿಂಗಿಗೆ 11-42 ಕ್ಯಾಸೆಟ್ ಹಾಕಿದರೂ ಬರುವ ಅನುಪಾತ 0.95, ನಿಮ್ಮ 34ಕ್ಕೆ 36 ಹಾಕಿದರೂ ಬರುವುದು 0.94. ಅಷ್ಟು ಹಣ ಖರ್ಚು ಮಾಡಿ ಇದ್ದಲ್ಲೇ ಇರುವುದನ್ನು ನಾನು ಒಪ್ಪುವುದಿಲ್ಲ. ಮುಂದೊಂದು ದಿನ ಇನ್ನೂ ಸಣ್ಣ ಗೇರು ಬೇಕೆನಿಸಿದರೆ 46-30ರ ಕ್ರ್ಯಾಂಕ್ (46 ಮತ್ತು 30 ಹಲ್ಲಿನ ರಿಂಗ್ ಇರುವ ಪೆಡಲ್ ಜೋಡಣೆ) ಯೋಚಿಸಿ. ಆಗ 30/36 ಸಿಗುತ್ತದೆ, 59 ಸುತ್ತು. ಶಿಮಾನೊದ ಜಲ್ಲಿರಸ್ತೆ ಸರಣಿಯಾದ ಜಿಆರ್‌ಎಕ್ಸ್ ಕ್ರ್ಯಾಂಕಿನಲ್ಲಿ ಚೈನ್ ಓಡುವ ಸಾಲು ರೋಡ್ ಕ್ರ್ಯಾಂಕಿಗಿಂತ 2.5 ಮಿ.ಮೀ. ಹೊರಗಿರುವುದರಿಂದ ಮುಂದಿನ ಡಿರೇಲರನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ ಎಂಬುದು ನೆನಪಿರಲಿ.

ಉತ್ತರ (ಕೋಲಾರದಿಂದ)

ಗೇರಿನ ವಿಷಯದಲ್ಲಿ ಗೌರಿಬಿದನೂರಿನವರು ಹೇಳಿದ್ದಕ್ಕೆ ಸೇರಿಸುವುದು ನನ್ನಲ್ಲಿ ಏನೂ ಇಲ್ಲ. ಟಯರಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆಯ ಮುಳ್ಳುಗಳಿಂದ ನಾನು ಬಹಳ ಅನುಭವಿಸಿದ್ದೇನೆ.

70 ಪಿಎಸ್ಐ ಈ ದಾರಿಗೆ ತೀರಾ ಹೆಚ್ಚು. ಅಷ್ಟು ಬಿಗಿದ ಟಯರ್ ಕಲ್ಲಿನ ಮೇಲೆ ಪುಟಿಯುತ್ತದೆ, ಪುಟಿದಾಗಲೆಲ್ಲ ನೆಲ ಬಿಡುತ್ತದೆ. 40 ಮಿ.ಮೀ. ಟಯರನ್ನು ಟ್ಯೂಬ್‌ಲೆಸ್ ಮಾಡಿಸಿದರೆ, ನಿಮ್ಮ ತೂಕಕ್ಕೆ ಹಿಂದೆ 38, ಮುಂದೆ 35ರಿಂದ ಆರಂಭಿಸಿ, ಒಂದೇ ದಾರಿಯನ್ನು ಎರಡೆರಡು ಪಿಎಸ್ಐ ಇಳಿಸುತ್ತ ಓಡಿಸಿ ನೋಡಿ. ರಿಮ್ ಕಲ್ಲಿಗೆ ತಾಗಿದ ಸದ್ದು ಕೇಳಿದರೆ ಎರಡು ಏರಿಸಿ ಅಲ್ಲಿಗೇ ನಿಲ್ಲಿಸಿ. ಟ್ಯೂಬನ್ನೇ ಉಳಿಸಿಕೊಳ್ಳುವುದಾದರೆ 45ಕ್ಕಿಂತ ಕೆಳಗೆ ಬಹಳ ಇಳಿಸಬೇಡಿ. ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕ ಟ್ಯೂಬಿನಲ್ಲಿ ಜೋಡಿ ತೂತು ಬೀಳುತ್ತದೆ.

42 ಹಿಡಿಸುತ್ತದೆ ಎಂದ ಮಾತ್ರಕ್ಕೆ 42 ಹಾಕಬೇಡಿ. ಅಗಲವಾದ ರಿಮ್ ಮೇಲೆ 40 ಎಂದು ಬರೆದ ಟಯರ್ 41ಕ್ಕೆ ಹಿಗ್ಗುವುದುಂಟು. ಒದ್ದೆಯಾದ ಕೆಮ್ಮಣ್ಣು ಕಲ್ಲುಕಾಳುಗಳನ್ನು ಹೊತ್ತು ಫ್ರೇಮಿನ ಸಂದಿಯಲ್ಲಿ ಮೆತ್ತಿಕೊಂಡರೆ ಬಣ್ಣವನ್ನಷ್ಟೇ ಅಲ್ಲ, ಲೋಹವನ್ನೂ ಸವೆಸುತ್ತದೆ. ಎರಡೂ ಬದಿಗೆ ನಾಲ್ಕೈದು ಮಿ.ಮೀ. ಜಾಗ ಇರಲಿ. ಗುಬ್ಬಿಗಳ ವಿಷಯಕ್ಕೆ ಬಂದರೆ, ಹಿಂದಕ್ಕೆ ನಡುಭಾಗ ನುಣುಪಾಗಿ ಅಂಚಿನಲ್ಲಿ ಮಾತ್ರ ಗುಬ್ಬಿಗಳಿರುವ ಟಯರನ್ನು, ಮುಂದಕ್ಕೆ ಸ್ವಲ್ಪ ಒರಟಾದುದನ್ನು ಆರಿಸಿಕೊಳ್ಳಿ. ಹಿಂದಿನ ಚಕ್ರ ಜಾರಿದರೆ ಇಳಿದು ತಳ್ಳಬಹುದು. ಆವಲಬೆಟ್ಟದಿಂದ ಇಳಿಯುವಾಗ ಮುಂದಿನ ಚಕ್ರ ಜಾರಿದರೆ ಬೀಳುವುದೇ ಸರಿ.

ಇನ್ನು ಮುಳ್ಳು. ಕೆರೆ ಏರಿಗಳ ಮೇಲೆ ಬಳ್ಳಾರಿ ಜಾಲಿ, ಬೀಳು ಹೊಲಗಳ ಬದಿಯಲ್ಲಿ ನೆಗ್ಗಿಲು. ನೆಗ್ಗಿಲು ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಒಂದು ಸಲ ಚಿಂತಾಮಣಿಯ ದಾರಿಯಲ್ಲಿ ವಿಶ್ರಾಂತಿಗೆಂದು ಸೈಕಲನ್ನು ಹೊಲದ ಬದುವಿಗೆ ಒರಗಿಸಿದ್ದಕ್ಕೆ ಎರಡೂ ಚಕ್ರಗಳಲ್ಲಿ ಒಟ್ಟು ಏಳು ತೂತುಗಳನ್ನು ಎಣಿಸಿದೆ. ಅಂದಿನಿಂದ ಟ್ಯೂಬ್‌ಲೆಸ್ ಬಿಟ್ಟು ಬೇರೆ ಹಾಕಿಲ್ಲ. ಟಯರಿಗೆ 60 ಮಿ.ಲೀ. ಸೀಲೆಂಟ್ (ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ) ಹಾಕಿಸಿ, ನಮ್ಮ ಬಿಸಿಲಿಗೆ ಅದು ಬೇಗ ಒಣಗುವುದರಿಂದ ಎರಡು ತಿಂಗಳಿಗೊಮ್ಮೆ ತೆರೆದು ನೋಡಿ. ರಿಮ್ ಟ್ಯೂಬ್‌ಲೆಸ್‌ಗೆ ಒಗ್ಗುವಂಥದ್ದಲ್ಲದಿದ್ದರೆ, ವಾಲ್ವ್ ಕೋರ್ ಬಿಚ್ಚಲು ಬರುವ ಟ್ಯೂಬಿನೊಳಗೇ ಸೀಲೆಂಟ್ ಹಾಕಬಹುದು.

ಸುಗ್ಗಿಯ ಕಾಲದ ಒಂದು ಎಚ್ಚರಿಕೆ: ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ, ರಾಗಿ ತೆನೆಗಳ ಮೇಲೆ ಸೈಕಲ್ ಓಡಿಸಬೇಡಿ, ಇಳಿದು ಬದಿಯಲ್ಲಿ ಎತ್ತಿಕೊಂಡು ಹೋಗಿ. ಹುರುಳಿ ಬಳ್ಳಿ ಡಿರೇಲರಿನ ಗಾಲಿಗಳಿಗೆ ಸುತ್ತಿಕೊಂಡರೆ ಕೇಜ್ ಬಾಗಿ ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಳ್ಳಬಹುದು. ಉದ್ದ ಕೇಜಿಗೆ ಈ ಅಪಾಯ ಇನ್ನೂ ಹೆಚ್ಚು, ಅದು ನೆಲಕ್ಕೆ ಹತ್ತಿರ ಇರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. 11-36 ಕ್ಯಾಸೆಟ್, ಒಂಬತ್ತು ಸ್ಪೀಡಿನ ಮೌಂಟನ್ ಡಿರೇಲರ್, 40 ಮಿ.ಮೀ. ಟ್ಯೂಬ್‌ಲೆಸ್ ಟಯರ್ ಎಲ್ಲವನ್ನೂ ಒಂದು ಅಂಗಡಿಯಲ್ಲಿ ಹಾಕಿಸಿದೆ. ಅದೇ ಏರನ್ನು ಕೂತೇ ಹತ್ತಿದೆ, ಒಮ್ಮೆಯೂ ಜಾರಲಿಲ್ಲ. ಎಣಿಸಿದಾಗ 52 ಬಂತು. ಆದರೆ ಹೊಸದೊಂದು ತೊಂದರೆ ಇದೆ. ಅತಿ ಸಣ್ಣ ಗೇರಿನಲ್ಲಿ ಹಿಂದೆ ಗರಗರ ಎಂಬ ಸದ್ದು ಬರುತ್ತದೆ, ಡಿರೇಲರಿನ ಮೇಲಿನ ಗಾಲಿ ದೊಡ್ಡ ಹಲ್ಲಿಗೆ ಉಜ್ಜುವಂತೆ ಕಾಣುತ್ತದೆ.

ಉತ್ತರ (ಗೌರಿಬಿದನೂರಿನಿಂದ)

ಆ ಸದ್ದಿಗೆ ಪರಿಹಾರ ಬಿ-ಸ್ಕ್ರೂ (ಡಿರೇಲರನ್ನು ಕ್ಯಾಸೆಟ್ಟಿನಿಂದ ದೂರ ಸರಿಸುವ ತಿರುಪು). 34/36ರಲ್ಲಿ ಇಟ್ಟುಕೊಂಡು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ, ಗಾಲಿಯ ಹಲ್ಲಿಗೂ ಕ್ಯಾಸೆಟ್ಟಿನ ಹಲ್ಲಿಗೂ ನಡುವೆ ಐದಾರು ಮಿ.ಮೀ. ಅಂತರ ಬರುವವರೆಗೆ ಅದನ್ನು ಬಿಗಿ ಮಾಡಿ.

ಅದಕ್ಕಿಂತ ಮುಖ್ಯವಾಗಿ ಒಂದು ಪ್ರಶ್ನೆ: ಚೈನ್ ಹೊಸದೋ, ಹಳೆಯದೋ? ನೀವು ಪಟ್ಟಿ ಮಾಡಿದ ಸಾಮಾನಿನಲ್ಲಿ ಚೈನ್ ಹೆಸರಿಲ್ಲ. ಹಿಂದಿನ ಹಲ್ಲು 28ರಿಂದ 36ಕ್ಕೆ ಏರಿದಾಗ ಚೈನಿಗೆ ಸುಮಾರು ನಾಲ್ಕು ಕೊಂಡಿ ಹೆಚ್ಚು ಬೇಕು. 50 ಮತ್ತು 36 ಒಟ್ಟಿಗೆ ಬೀಳುವ ಹಾಗೆ ಅಪ್ಪಿತಪ್ಪಿ ಗೇರ್ ಬದಲಾದರೆ, ಗಿಡ್ಡ ಚೈನ್ ಡಿರೇಲರನ್ನು ಹ್ಯಾಂಗರ್ (ಅದನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಸಮೇತ ಕಿತ್ತುಹಾಕುತ್ತದೆ. ದಯವಿಟ್ಟು ಇದನ್ನು ನೋಡುವವರೆಗೆ ಸೈಕಲ್ ಹತ್ತಬೇಡಿ. ಚೈನನ್ನು ಡಿರೇಲರಿನೊಳಗೆ ಹಾಯಿಸದೆ, ಮುಂದಿನ ದೊಡ್ಡ ರಿಂಗ್ ಮತ್ತು ಹಿಂದಿನ ದೊಡ್ಡ ಹಲ್ಲಿನ ಮೇಲೆ ಸುತ್ತಿ ಬಿಗಿಯಾಗಿ ಎಳೆದು, ತುದಿಗಳು ಸೇರುವ ಜಾಗಕ್ಕೆ ಎರಡು ಕೊಂಡಿ ಸೇರಿಸಿದರೆ ಸರಿಯಾದ ಉದ್ದ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಚೈನ್ ಹಳೆಯದೇ ಆಗಿತ್ತು. ಸೈಕಲನ್ನು ಸ್ಟ್ಯಾಂಡಿಗೇರಿಸಿ ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿದೆ. 50ರ ಮೇಲಿಟ್ಟು 36ಕ್ಕೆ ಹೋಗುವ ಮೊದಲೇ ಕೇಜ್ ಪೂರ್ತಿ ಮುಂದಕ್ಕೆ ಚಾಚಿ ನಿಂತುಬಿಟ್ಟಿತು. ನಾನು ಇದುವರೆಗೆ ಆ ಗೇರಿಗೆ ಹೋಗದಿದ್ದದ್ದು ಅದೃಷ್ಟ ಮಾತ್ರ. ನಿನ್ನೆ ಹೊಸ ಚೈನ್ ತಂದು, ನೀವು ಹೇಳಿದಂತೆ ಅಳೆದು, ನನ್ನ ಕಣ್ಣೆದುರೇ ಕತ್ತರಿಸಿಸಿದೆ. ಬಿ-ಸ್ಕ್ರೂ ಒಂದೂವರೆ ಸುತ್ತು ತಿರುಗಿಸಿದ ಮೇಲೆ ಸದ್ದೂ ನಿಂತಿದೆ. ಗಾಳಿ ಈಗ ಹಿಂದೆ 36, ಮುಂದೆ 33ರಲ್ಲಿದೆ. ಬರುವ ಭಾನುವಾರ ಮಂಡಿಕಲ್ ವರೆಗೆ ಹೋಗಿ ಬರುತ್ತೇನೆ. ಮಂಡಿನೋವು ಮರುಕಳಿಸದಿದ್ದರೆ ಅದರ ಮುಂದಿನ ವಾರ ಪೂರ್ತಿ ದಾರಿ.